ಬೀಳದ ಹಿಮಕ್ಕೆ ಹೊದಿಸಿದ ಕಂಬಳಿ

ಡಿಸೆಂಬರ್ ಎರಡನೇ ವಾರ ಬಂತು ಅಂದ್ರೆ ಸಾಕು, ಬೆಂಗಳೂರಿನ ಗಾರ್ಡನಿಂಗ್ ವಾಟ್ಸಾಪ್ ಗುಂಪುಗಳಿಗೆ ಜ್ವರ ಹತ್ತುತ್ತೆ. ‘ಫ್ರಾಸ್ಟ್ ಕವರ್ ಯಾವುದು ಒಳ್ಳೇದು?’ ‘17 ಜಿಎಸ್‌ಎಂ ಸಾಕಾ, 30 ತರಿಸ್ಲಾ?’ ‘ಹಾಸನದ ಕಡೆ ಫಾರ್ಮ್‌ನಲ್ಲಿ ನಿನ್ನೆ ರಾತ್ರಿ ಹನ್ನೆರಡು ಡಿಗ್ರಿ, ನನ್ನ ಗಿಡಗಳ ಗತಿ ಏನು?’ ಹೀಗೆ ಕೇಳುವವರು ಯಾರೂ ದಡ್ಡರಲ್ಲ. ಹಗಲೆಲ್ಲ ಸರ್ವರ್ ಯಾಕೆ ಬಿತ್ತು ಅಂತ ಲಾಗ್ ಓದಿ, ಮೂಲ ಕಾರಣ ಹುಡುಕಿ, ರಿಪೋರ್ಟ್ ಬರೆಯೋ ಜನ. ಗಿಡದ ವಿಷಯಕ್ಕೆ ಬಂದ ತಕ್ಷಣ ಮಾತ್ರ ಲಾಗೂ ಇಲ್ಲ, ಕಾರಣವೂ ಬೇಡ. ಇಂಗ್ಲೆಂಡಿನ ಯಾರೋ ತೋಟಗಾರ ವಿಡಿಯೋದಲ್ಲಿ ಹೇಳಿದ, ನಾವು ಅದನ್ನ ಹಾಗೇ ತಂದು ಅರಸೀಕೆರೆಯಲ್ಲಿ ಡಿಪ್ಲಾಯ್ ಮಾಡಿದ್ವಿ. ಟೆಸ್ಟಿಂಗ್ ಇಲ್ಲದೆ, ನೇರ ಪ್ರೊಡಕ್ಷನ್‌ಗೆ.

ನೇರವಾಗಿ ಹೇಳಿಬಿಡ್ತೀನಿ. ಅರಸೀಕೆರೆ, ಬೇಲೂರು, ಹಳೇಬೀಡಿನ ಬಯಲಲ್ಲಿ ಗಿಡ ಕೊಲ್ಲೋದು ಹಿಮ ಅಲ್ಲ. ಗಿಡ ಸಾಯ್ತಾ ಇರೋದು ತಪ್ಪು ಗಿಡ, ತಪ್ಪು ಜಾಗ, ತಪ್ಪು ಹೊತ್ತಿನ ನೀರು, ಈ ಮೂರರಿಂದ. ಇಲ್ಲದ ಶತ್ರುವಿಗೆ ಕೋಟೆ ಕಟ್ಟೋದರಲ್ಲಿ ನಾವು ಖರ್ಚು ಮಾಡ್ತಿರೋದು ನಮ್ಮ ದುಡ್ಡನ್ನ ಮಾತ್ರ ಅಲ್ಲ. ಇನ್ನೊಬ್ಬರ ಬೆವರು, ಇನ್ನೊಬ್ಬರ ನೀರು ಕೂಡ ಅದರಲ್ಲಿ ಸೇರಿದೆ. ಜಗಳ ಇರೋದು ಅಲ್ಲಿ.

ಈ ಜಗಳಕ್ಕೆ ಒಂದು ಹಿನ್ನೆಲೆ ಇದೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯ್ತು. ಕೋವಿಡ್, ವರ್ಕ್ ಫ್ರಮ್ ಹೋಮ್, ಕೈಯಲ್ಲಿ ನಾಲ್ಕು ಕಾಸು, ಎಲ್ಲಾ ಒಟ್ಟಿಗೆ ಸೇರಿದವು. ಅರಸೀಕೆರೆ ಬೆಂಗಳೂರಿಂದ ರೈಲಲ್ಲಿ ಹೆಚ್ಚು ಕಡಿಮೆ ಮೂರು ಗಂಟೆ ದಾರಿ. ಒಂದು ಎಕರೆ, ಎರಡು ಎಕರೆ, ಸುತ್ತ ಚೈನ್‌ಲಿಂಕ್ ಬೇಲಿ, ಒಂದು ಬೋರ್‌ವೆಲ್, ಒಂದು ಪುಟ್ಟ ಮನೆ, ವಾಚ್‌ಮನ್‌ಗೆ ಒಂದು ಶೀಟ್ ಶೆಡ್ಡು, ಮಿಕ್ಕಿದ್ದೆಲ್ಲ ‘ಎಕ್ಸಾಟಿಕ್’ ತೋಟ. ಮಡಗಾಸ್ಕರದ ಬೀಸಣಿಗೆ ಪಾಮ್, ಮಲಯಾದ ರಂಬುಟಾನ್, ಮ್ಯಾಂಗೋಸ್ಟೀನ್, ದಕ್ಷಿಣ ಅಮೆರಿಕದ ಹೆಲಿಕೋನಿಯ, ಮೆಡಿಟರೇನಿಯನ್ ಕಡೆಯ ಲ್ಯಾವೆಂಡರ್ ಮತ್ತು ಆಲಿವ್. ಪ್ರಪಂಚವೇ ಒಂದೇ ಬೇಲಿಯೊಳಗೆ, ಒಂದೇ ಡ್ರಿಪ್ ಲೈನಿನಲ್ಲಿ.

ಮೊದಲು ಫ್ರಾಸ್ಟ್ ಅಂದ್ರೆ ಏನು ಅಂತ ನೋಡೋಣ. ಇದು ಹತ್ತನೇ ಕ್ಲಾಸಿನ ಫಿಸಿಕ್ಸ್. ಹಗಲು ನೆಲ ಬಿಸಿಲು ಕುಡಿಯುತ್ತೆ. ರಾತ್ರಿ ಆ ಶಾಖವನ್ನ ಆಕಾಶಕ್ಕೆ ವಾಪಸ್ ಉಗುಳುತ್ತೆ. ಮೋಡ ಇದ್ರೆ ಅದು ಕಂಬಳಿ ಥರ ತಡೆಯುತ್ತೆ. ಮೋಡ ಇಲ್ಲ, ಗಾಳಿಯೂ ಇಲ್ಲ ಅಂದ್ರೆ ನೆಲ, ಹುಲ್ಲು, ಎಲೆ ಎಲ್ಲಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗ್ತವೆ. ತಣ್ಣನೆ ಗಾಳಿ ಭಾರ, ಹಾಗಾಗಿ ಅದು ಇಳಿಜಾರಲ್ಲಿ ನೀರಿನಂತೆ ಹರಿದು ಹಳ್ಳದಲ್ಲಿ ನಿಲ್ಲುತ್ತೆ. ಎಲೆಯ ಮೈ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದಾಗ ಅದರ ಮೇಲೆ ಹಿಮದ ಹರಳು ಕೂರುತ್ತೆ. ಗಿಡದೊಳಗೆ, ಜೀವಕೋಶಗಳ ನಡುವಿನ ನೀರು ಮಂಜುಗಡ್ಡೆಯಾಗಿ ಕೋಶದೊಳಗಿನ ನೀರನ್ನೂ ಎಳೆದುಕೊಳ್ಳುತ್ತೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಎಲೆ ಬೇಯಿಸಿದ ಸೊಪ್ಪಿನ ಥರ ಜೋತುಬೀಳುತ್ತೆ.

ಇಲ್ಲಿ ಮುಖ್ಯವಾದ ಮಾತು ‘ಸೊನ್ನೆ’. ಊಟಿ ಇರೋದು 2,200 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ. ಅಲ್ಲಿ ಡಿಸೆಂಬರ್-ಜನವರಿಯಲ್ಲಿ ಹುಲ್ಲುಗಾವಲು ಬೆಳ್ಳಗಾಗುತ್ತೆ. ಮುನ್ನಾರಿನ ಟೀ ಚಿಗುರು ಸುಟ್ಟಂತಾಗುತ್ತೆ. ಅಲ್ಲಿನವರು ಗಿಡಕ್ಕೆ ಹೊದಿಕೆ ಹಾಕ್ತಾರೆ, ಹಾಕಲೇಬೇಕು. ಅರಸೀಕೆರೆ ಇರೋದು 800 ಮೀಟರ್ ಆಸುಪಾಸು. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಲೆಕ್ಕ ಹಾಕಿದರೂ ಊಟಿಗೂ ನಮಗೂ ಒಂಬತ್ತು ಡಿಗ್ರಿ ವ್ಯತ್ಯಾಸ. ಬೆಂಗಳೂರಿನ ದಾಖಲೆಯ ಚಳಿ ಎಷ್ಟು ಗೊತ್ತಾ? 1884ರ ಜನವರಿ 13ರಂದು 7.8 ಡಿಗ್ರಿ. ಅದನ್ನ ಮುರಿಯೋ ಚಳಿ ಇವತ್ತಿನವರೆಗೂ ಬಂದಿಲ್ಲ. ನಮ್ಮ ಬಯಲಲ್ಲಿ ಮಾಗಿಯ ರಾತ್ರಿ ಸಾಮಾನ್ಯವಾಗಿ ಹದಿಮೂರು, ಹದಿನಾಲ್ಕು. ತೀರಾ ಕೆಟ್ಟ ರಾತ್ರಿ ಹತ್ತರ ಹತ್ತಿರ. ಮಧ್ಯಾಹ್ನ ಮತ್ತೆ ಇಪ್ಪತ್ತೇಳು, ಇಪ್ಪತ್ತೆಂಟು. ಇದನ್ನ ಫ್ರಾಸ್ಟ್ ಅಂತ ಕರೆದರೆ ಲಂಡನ್‌ನವರು ನಗ್ತಾರೆ. ಅವರಿಗೆ ಇದು ಒಳ್ಳೆ ಬೇಸಿಗೆಯ ದಿನ.

ಹಾಗಾದ್ರೆ ‘ಮಂಜು ಬಿದ್ದು ಬೆಳೆ ಹೋಯ್ತು’ ಅಂತ ಊರಲ್ಲಿ ಹೇಳ್ತಾರಲ್ಲ? ಹೇಳ್ತಾರೆ. ಗೊಂದಲದ ಅರ್ಧ ಪಾಲು ಇರೋದು ಈ ಪದದಲ್ಲೇ. ನಮ್ಮ ಕನ್ನಡದಲ್ಲಿ ‘ಮಂಜು’ ಅನ್ನೋದು ದೊಡ್ಡ ಚೀಲ. ಬೆಳಿಗ್ಗೆ ರಸ್ತೆ ಕಾಣದ ಹಾಗೆ ಕವಿಯೋದೂ ಮಂಜು, ಹಿಮಾಲಯದ ಮೇಲೆ ಬೀಳೋದೂ ಮಂಜು, ಫ್ರಿಜ್ಜಿನೊಳಗೆ ಕಟ್ಟೋದೂ ಮಂಜು. ಹುಲ್ಲಿನ ಮೇಲೆ ಮುತ್ತಿನ ಹಾಗೆ ಕೂರೋದು ಇಬ್ಬನಿ. ಫ್ರಾಸ್ಟಿಗೆ ಅಂತಲೇ ನಮ್ಮ ಬಯಲುಸೀಮೆಯ ಮನೆಮಾತಲ್ಲಿ ಒಂದು ಪದ ಇಲ್ಲ, ಯಾಕಂದ್ರೆ ಆ ವಸ್ತು ಇಲ್ಲ. ಮಾವಿನ ಹೂವಿನ ಹೊತ್ತಲ್ಲಿ ‘ಮಂಜು ಹೊಡೀತು’ ಅಂತ ರೈತ ಹೇಳಿದರೆ ಅವನು ಹೇಳ್ತಿರೋದು ತೇವ, ಕಾವಳ, ಬೂದಿರೋಗ, ಜಿಗಿಹುಳದ ಕಾಟದ ಬಗ್ಗೆ. ಅದಕ್ಕೆ ಬೇಕಾದ್ದು ಗಾಳಿ, ಬೆಳಕು. ನೀವು ಅದನ್ನ ಇಂಗ್ಲಿಷಿಗೆ ತರ್ಜುಮೆ ಮಾಡಿಕೊಂಡು, ಅದಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ಕಾಯಿಲೆಗೆ ಹಾಸಿಗೆ ಹಾಸಿಕೊಟ್ಟ ಹಾಗೆ.

ಇನ್ನೊಂದು ಕಡೆ ಅದೇ ಮಾಗಿ ನಮಗೆ ಕೊಡೋದನ್ನೂ ನೋಡಿ. ಹೊಲದ ಅವರೆಕಾಯಿಗೆ ಸೊಗಡು ಕೂರೋದು ಇಬ್ಬನಿ ಬಿದ್ದ ಮೇಲೆ ಅಂತ ಊರಲ್ಲಿ ಯಾರನ್ನ ಕೇಳಿದರೂ ಹೇಳ್ತಾರೆ. ಕಪ್ಪುನೆಲದ ಕಡೆ ಕಡಲೆ, ಹಿಂಗಾರಿ ಜೋಳ ಮಳೆ ನಿಂತ ಮೇಲೂ ನೆಲದ ಹಸಿ, ಇಬ್ಬನಿ ನೆಚ್ಚಿಕೊಂಡೇ ಕಾಳು ಕಟ್ಟುತ್ತವೆ. ಇಬ್ಬನಿ ಕಟ್ಟುವಾಗ ಆವಿ ನೀರಾಗಿ ಒಂದಿಷ್ಟು ಶಾಖವನ್ನೂ ಬಿಟ್ಟುಕೊಡುತ್ತೆ, ರಾತ್ರಿ ಇನ್ನಷ್ಟು ತಣಿಯೋದನ್ನ ತಡೆಯುತ್ತೆ. ಅಂದ್ರೆ ನೀವು ಹೆದರಿ ಒರೆಸೋಕೆ ಹೊರಟಿರೋದು ನಿಮ್ಮ ಗಿಡಕ್ಕೆ ಪುಕ್ಕಟೆ ಸಿಕ್ಕ ಹೀಟರನ್ನ.

ಹಾಗಂತ ಚಳಿಗೆ ನಮ್ಮ ಕಡೆ ಯಾವ ಗಿಡವೂ ಕೆಡಲ್ಲ ಅಂತ ನಾನು ಹೇಳ್ತಿಲ್ಲ. ಕೆಡುತ್ತೆ. ಆದರೆ ಅದು ಹೆಪ್ಪುಗಟ್ಟುವ ಕೇಡಲ್ಲ, ಬರೀ ತಣ್ಣಗಾಗುವ ಕೇಡು. ಎರಡೂ ಬೇರೆ ಬೇರೆ ಬಗ್‌ಗಳು, ಎರಡಕ್ಕೂ ಒಂದೇ ಪ್ಯಾಚ್ ಹಾಕಿದರೆ ಕೆಲಸ ಮಾಡಲ್ಲ. ಅರಸೀಕೆರೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ: ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ನೋಡಿ. 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿಯಾಗುತ್ತೆ, ಯಾವ ಹಿಮವೂ ಬೇಕಿಲ್ಲ. ಗಿಡದ ಜೀವಕೋಶದ ಪೊರೆಯಲ್ಲೂ ಇದೇ ಥರ ಕೊಬ್ಬಿನಂಶ ಇರುತ್ತೆ. ಸಮಭಾಜಕದ ಕಾಡಲ್ಲಿ, ವರ್ಷಪೂರ್ತಿ ಒಂದೇ ಬೆಚ್ಚಗಿನ ಹವೆಯಲ್ಲಿ ಬೆಳೆದ ಗಿಡಗಳ ಪೊರೆ ಹತ್ತು-ಹನ್ನೆರಡು ಡಿಗ್ರಿಯಲ್ಲೇ ಬಿಗಿಯಾಗಿ ಸೋರೋಕೆ ಶುರು ಮಾಡುತ್ತೆ. ಬಾಳೆಹಣ್ಣನ್ನ ಫ್ರಿಜ್ಜಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತಲ್ಲ, ಅದೇ. ಫ್ರಿಜ್ಜೊಳಗೆ ಹಿಮ ಬಿದ್ದಿರಲ್ಲ, ಹಣ್ಣು ಹೆಪ್ಪುಗಟ್ಟಿರಲ್ಲ. ಆದರೂ ಕೆಡುತ್ತೆ.

ಇಂಥ ಗಿಡಕ್ಕೆ ಚಳಿಯಲ್ಲಿ ಇನ್ನೊಂದು ಆಗುತ್ತೆ. ಮಣ್ಣು ತಣ್ಣಗಾದರೆ ಬೇರು ನೀರು ಎಳೆಯೋದನ್ನ ಕಡಿಮೆ ಮಾಡುತ್ತೆ. ಬುಡದಲ್ಲಿ ನೀರಿದ್ದರೂ ಎಲೆ ಬಾಡುತ್ತೆ. ಶನಿವಾರ ಬೆಂಗಳೂರಿಂದ ಬಂದ ಯಜಮಾನರು ಬಾಡಿದ ಎಲೆ ನೋಡಿ ‘ಅಯ್ಯೋ, ನೀರು ಹಾಕಿಲ್ವಾ?’ ಅಂತ ವಾಚ್‌ಮನ್ ಮೇಲೆ ರೇಗ್ತಾರೆ. ಅವನು ಎರಡು ಬಕೆಟ್ ಜಾಸ್ತಿ ಸುರೀತಾನೆ. ಒಂದು ವಾರದಲ್ಲಿ ಬೇರು ಕೊಳೆತು ಗಿಡ ಹೋಗುತ್ತೆ. ಮುಂದಿನ ಶನಿವಾರ ಗುಂಪಿನಲ್ಲಿ ಮೆಸೇಜ್ ಬರುತ್ತೆ: ‘ಫ್ರಾಸ್ಟ್ ಕಿಲ್ಡ್ ಮೈ ಪ್ಲಾಂಟ್’. ಸ್ವಾಮಿ, ಕೊಂದಿದ್ದು ಫ್ರಾಸ್ಟ್ ಅಲ್ಲ. ಪೋಸ್ಟ್‌ಮಾರ್ಟಂ ಮಾಡದೆ ಆರೋಪಪಟ್ಟಿ ಹಾಕಿದ್ದೀರಿ.

ಹೊದಿಕೆ ಹಾಕುವ ವಿಧಾನವನ್ನಾದರೂ ಸರಿಯಾಗಿ ನೋಡಿ ಕಲಿತಿದ್ದಾರಾ ಅಂದ್ರೆ ಅದೂ ಇಲ್ಲ. ಆ ಬಿಳಿ ಬಟ್ಟೆ ಪಾಲಿಪ್ರೊಪಿಲೀನ್ ನಾರಿನದು. ಅದು ತಾನೇ ಶಾಖ ಹುಟ್ಟಿಸಲ್ಲ. ನೆಲದಿಂದ ಮೇಲೇಳುವ ಶಾಖವನ್ನ ಹಿಡಿದಿಡುತ್ತೆ ಅಷ್ಟೆ. ಹಾಗಾಗಿ ಬಟ್ಟೆ ನೆಲ ಮುಟ್ಟುವ ಹಾಗೆ ಡೇರೆ ಥರ ಇಳಿಬಿಡಬೇಕು, ಬೆಳಿಗ್ಗೆ ಬಿಸಿಲು ಬಂದ ತಕ್ಷಣ ತೆಗೀಬೇಕು. ನಮ್ಮವರು ಮಾಡೋದು ಏನು? ಗಿಡದ ತಲೆಗೆ ಬಟ್ಟೆ ಸುತ್ತಿ, ಕಾಂಡಕ್ಕೆ ಗಂಟು ಹಾಕಿ, ಲಾಲಿಪಾಪ್ ಥರ ಮಾಡಿ ಬೆಂಗಳೂರಿಗೆ ಹೋಗಿಬಿಡ್ತಾರೆ. ನೆಲದ ಶಾಖ ಹೊರಗೆ, ಗಿಡ ಒಳಗೆ. ಹಗಲು ಇಪ್ಪತ್ತೆಂಟು ಡಿಗ್ರಿಯಲ್ಲಿ ಒಳಗೆ ಬೆವರು, ಉಸಿರುಗಟ್ಟು, ಬೂಷ್ಟು. ಚಳಿಯಿಂದ ಕಾಪಾಡ್ತೀನಿ ಅಂತ ಹೋಗಿ ಇಡ್ಲಿ ಥರ ಬೇಯಿಸೋದು ಅಂದ್ರೆ ಇದು.

ಇನ್ನೂ ತಮಾಷೆ ಇದೆ. ಲ್ಯಾವೆಂಡರಿಗೂ ಹೊದಿಕೆ, ಆಲಿವಿಗೂ ಹೊದಿಕೆ. ಇಂಗ್ಲಿಷ್ ಲ್ಯಾವೆಂಡರ್ ಯುರೋಪಿನ ಬೆಟ್ಟದ ಗಿಡ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಮೈಮೇಲೆ ಹಾಕಿಕೊಂಡು ನಿಲ್ಲುತ್ತೆ. ಆಲಿವ್ ಚೆನ್ನಾಗಿ ಹೂ ಬಿಡೋಕೆ ಚಳಿಗಾಲದ ತಂಪು ಬೇಕು. ಸೇಬು, ಪೀಚ್ ಗಿಡಗಳಿಗೂ ಇಂತಿಷ್ಟು ಗಂಟೆ ಚಳಿ ಸಿಗದಿದ್ದರೆ ಕಣ್ಣು ಸರಿಯಾಗಿ ಒಡೆಯಲ್ಲ. ನಮ್ಮ ಕಡೆ ಸಿಗೋ ಚೂರುಪಾರು ಚಳಿಯನ್ನೂ ಇವಕ್ಕೆ ತಾಗದ ಹಾಗೆ ಮುಚ್ಚಿಟ್ಟು, ಆಮೇಲೆ ‘ಮೂರು ವರ್ಷ ಆಯ್ತು, ಒಂದು ಹೂ ಇಲ್ಲ’ ಅಂತ ನರ್ಸರಿಯವನನ್ನ ಬೈಯೋದು. ಉಪವಾಸ ಕೆಡವಿ ತೂಕ ಏರಲಿಲ್ಲ ಅಂದ ಹಾಗೆ.

ಈ ಕಾಪಿ-ಪೇಸ್ಟ್ ಕಾಯಿಲೆ ನಮ್ಮ ತಲೆಮಾರಿನದು ಮಾತ್ರ ಅಲ್ಲ. ಲಾಲ್‌ಬಾಗಿನ ಗಾಜಿನ ಮನೆ ನೆನಪು ಮಾಡಿಕೊಳ್ಳಿ. 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು, ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸು. 1851ರ ಆ ಪ್ಯಾಲೇಸಿನ ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಬಿಸಿನಾಡಿನ ಗಿಡಗಳನ್ನ ಇಂಗ್ಲೆಂಡಿನ ಹಿಮದಿಂದ ಉಳಿಸೋಕೆ ಗಾಜಿನ ಮನೆ ಕಟ್ಟಿ ಕಟ್ಟಿ ಕೈ ಪಳಗಿದವನು. ಅಲ್ಲಿ ಗಾಜಿನ ಮನೆ ಗಿಡಕ್ಕೆ ಪ್ರಾಣ. ಬೆಂಗಳೂರಲ್ಲಿ ಅದು ಏನಾಯ್ತು? ಫಲಪುಷ್ಪ ಪ್ರದರ್ಶನದ ಚಪ್ಪರ ಆಯ್ತು. ಸುಂದರವಾಗೇ ಇದೆ, ನಾನೂ ಸಾಲಲ್ಲಿ ನಿಂತು ನೋಡಿದ್ದೀನಿ. ಆದರೆ ಲಾಲ್‌ಬಾಗಿನ ಮರಗಳು ನೂರಾರು ವರ್ಷದಿಂದ ಬೆಳೆದು ನಿಂತಿರೋದು ಗಾಜಿನ ಹೊರಗೆ. ಅವುಗಳಲ್ಲಿ ಎಷ್ಟೋ ಹೊರದೇಶದಿಂದ ಬಂದವೇ. ಈ ಊರಿನ ಹವೆಗೆ ಯಾವುದು ಒಗ್ಗುತ್ತೆ ಅಂತ ನೋಡಿ ನೆಟ್ಟಿದ್ದಕ್ಕೆ ಉಳಿದವು.

ಹಾಗಾಗಿ ‘ಇವನು ವಿದೇಶಿ ಗಿಡದ ವಿರೋಧಿ’ ಅಂತ ಹಣೆಪಟ್ಟಿ ಹಚ್ಚೋದು ಬೇಡ. ಸಾರಿಗೆ ಹಾಕೋ ಟೊಮ್ಯಾಟೊ, ಮೆಣಸಿನಕಾಯಿ ಅಮೆರಿಕ ಖಂಡದವು. ದೇವಸ್ಥಾನದ ಅಂಗಳದ ದೇವಕಣಗಿಲೆ ಮೆಕ್ಸಿಕೋ ಕಡೆಯದು. ಹೊಯ್ಸಳ ಶಿಲ್ಪಗಳ ಕೈಯಲ್ಲಿರೋದು ಮುಸುಕಿನಜೋಳದ ತೆನೆ ಅಂತ 1989ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ವಾದ ಹೂಡಿದರು. ಅಲ್ಲ, ಅದು ಮುತ್ತಿನ ಮುಕ್ತಾಫಲ ಅಂತ ಬೇರೆಯವರು ತಿರುಗಿ ವಾದಿಸಿದರು. ಕಲ್ಲಿನ ಮೇಲಿನ ಆ ಜಗಳ ಏನೇ ಇರಲಿ, ಇವತ್ತು ಹಳೇಬೀಡಿನ ಸುತ್ತ ಹೊಲದಲ್ಲಿ ಮುಸುಕಿನಜೋಳ ನಿಜವಾಗಿ ನಿಂತಿದೆ. ಬೇಲೂರಿನ ಮಲೆನಾಡು ಮಗ್ಗುಲಿನ ಕಾಫಿ ಇಥಿಯೋಪಿಯದ್ದು. ಅದಕ್ಕೆ ನೆರಳು ಕೊಡೋ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು.

ಕಾಫಿಯ ಕಥೆ ಇಲ್ಲಿ ಪಾಠ ಕೂಡ ಹೌದು. ಕಾಫಿಗೆ ಹಿಮ ಅಂದ್ರೆ ಸಾವು. 1975ರ ಜುಲೈಯಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದ ಮೇಲೆ ಬಿದ್ದ ಹಿಮಕ್ಕೆ ಅಲ್ಲಿನ ಕಾಫಿ ತೋಟಗಳು ಒಂದೆರಡು ರಾತ್ರಿಯಲ್ಲಿ ಕರಕಲಾದವು, ಜಗತ್ತಿನ ತುಂಬ ಕಾಫಿ ಬೆಲೆ ಗಗನಕ್ಕೆ ಹೋಯ್ತು. ಅಲ್ಲಿನವರು ಬಯಲು ಬಿಸಿಲಲ್ಲಿ ಕಾಫಿ ಬೆಳೆದಿದ್ದರು. ನಮ್ಮ ಬೆಳೆಗಾರರು ಮರದಡಿ ಬೆಳೆದರು. ನಮ್ಮ ಕಡೆ ಹಿಮದ ಭಯ ಇಲ್ಲ, ಮರ ಉಳಿಸಿಕೊಂಡಿದ್ದು ಬಿಸಿಲಿಗೆ, ಮಳೆಗೆ, ಮಣ್ಣಿಗೆ ಅಂತ. ಆದರೆ ಆ ಮರದ ಕೊಡೆ ರಾತ್ರಿ ನೆಲದ ಶಾಖವನ್ನೂ ಆಕಾಶಕ್ಕೆ ಬಿಡದೆ ತಡೆಯುತ್ತೆ. ನಿಮ್ಮ 30 ಜಿಎಸ್‌ಎಂ ಬಟ್ಟೆ ಮಾಡೋ ಕೆಲಸವನ್ನ ಒಂದು ಹೊಂಗೆ ಮರ, ಒಂದು ಹಳೇ ಮಾವು ಪುಕ್ಕಟೆ ಮಾಡುತ್ತೆ. ಚಳಿಗಾಲದ ರಾತ್ರಿ ಕಂಬಳಿ, ಬೇಸಿಗೆಯ ಮಧ್ಯಾಹ್ನ ಕೊಡೆ. ಆದರೆ ಫಾರ್ಮ್ ತಗೊಂಡ ತಕ್ಷಣ ನಾವು ಮಾಡೋ ಮೊದಲ ಕೆಲಸ ಜೆಸಿಬಿ ತರಿಸಿ ‘ಕ್ಲೀನ್’ ಮಾಡಿಸೋದು. ಬದುವಿನ ಹೊಂಗೆ, ಬೇವು, ಹಲಸು ಹೋದವು. ಆಮೇಲೆ ಆನ್‌ಲೈನಲ್ಲಿ ಹೊದಿಕೆ ಹುಡುಕಾಟ.

ಹಳ್ಳಿಯವರು ಇದನ್ನೆಲ್ಲ ಥಿಯರಿ ಹೇಳಿ ಮಾಡಲ್ಲ, ಮಾಡಿ ತೋರಿಸ್ತಾರೆ. ತೆಂಗಿನ ಸಸಿಯನ್ನ ಆಳದ ಗುಂಡಿಯಲ್ಲಿ ನೆಡ್ತಾರೆ, ಮುಂಗಾರಲ್ಲೇ ನೆಡ್ತಾರೆ. ಮಾಗಿ ಬರುವಷ್ಟರಲ್ಲಿ ಬೇರು ಹಿಡಿದಿರುತ್ತೆ. ಎಳೆ ಸಸಿಗೆ ಗರಿಯ ಮರೆ ಕಟ್ತಾರೆ. ಅಡಿಕೆಗೆ ನೈಋತ್ಯದ ಬಿಸಿಲು ಕಾಂಡ ಸೀಳುತ್ತೆ ಅಂತ ಆ ಕಡೆಗೆ ನೆರಳು ಮಾಡ್ತಾರೆ. ವೀಳ್ಯದೆಲೆ ಬಳ್ಳಿಗೆ ಅಗಸೆಮರ ಹಬ್ಬಿಸ್ತಾರೆ. ಗಮನಿಸಿ: ಈ ಎಲ್ಲಾ ರಕ್ಷಣೆಯ ಮುಖ ಬಿಸಿಲಿನ ಕಡೆಗೆ, ಒಣಗಾಳಿಯ ಕಡೆಗೆ. ತಲೆತಲೆಮಾರಿನಿಂದ ಈ ನೆಲದಲ್ಲಿ ಗಿಡ ಬೆಳೆಸಿದವರು ಯಾವ ಶತ್ರುವಿಗೆ ಬೇಲಿ ಕಟ್ಟಿದ್ದಾರೆ ಅನ್ನೋದು ನಮಗೆ ಬೇಕಾದ ಡೇಟಾ ಅಲ್ವಾ?

ಈಗ ನನಗೆ ನಿಜಕ್ಕೂ ಸಿಟ್ಟು ತರಿಸುವ ಭಾಗಕ್ಕೆ ಬರ್ತೀನಿ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ, ಹಳೇಬೀಡಿನಿಂದ ಜಾವಗಲ್ ಕಡೆ ಹೋಗೋ ದಾರಿಯಲ್ಲಿ ಒಂದು ಫಾರ್ಮ್ ಮುಂದೆ ಬೈಕ್ ನಿಲ್ಲಿಸಿದ್ದೆ. ಸಂಜೆ ಐದೂವರೆ. ವಾಚ್‌ಮನ್ನೂ ಅವನ ಹೆಂಡತಿಯೂ ಸಾಲು ಸಾಲು ಗಿಡಕ್ಕೆ ಬಿಳಿ ಬಟ್ಟೆ ಹೊದಿಸ್ತಾ ಇದ್ದರು. ‘ದಿನಾ ಹಾಕ್ಬೇಕಣ್ಣ, ಬೆಳಿಗ್ಗೆ ತೆಗೀಬೇಕು, ಫೋಟೋ ಕಳ್ಸಬೇಕು’ ಅಂದ. ನೂರಾರು ಗಿಡ. ಅವರ ಮನೆ ಯಾವುದು ಅಂತ ನೋಡಿದರೆ ಮೂಲೆಯಲ್ಲಿ ತಗಡಿನ ಶೆಡ್ಡು. ರಾತ್ರಿ ಹೇಗೆ ಅಂದೆ. ‘ತಗಡಿಂದ ನೀರು ತೊಟ್ಟಿಕ್ತದೆ, ಮಕ್ಕಳ ಮೇಲೆ ಟಾರ್ಪಾಲು ಹಾಕ್ತೀವಿ’ ಅಂದಳು ಆಕೆ. ದೂರು ಹೇಳೋ ದನಿಯಲ್ಲಲ್ಲ. ಹವಾಮಾನ ವರದಿ ಹೇಳೋ ದನಿಯಲ್ಲಿ.

ಆ ನೀರು ಎಲ್ಲಿಂದ ಬಂತು ಗೊತ್ತಾ? ಮೇಲೆ ಹೇಳಿದ್ದೇ ಫಿಸಿಕ್ಸ್. ಬಯಲಲ್ಲಿರೋ ತಗಡು ತಿಳಿ ಆಕಾಶಕ್ಕೆ ತನ್ನ ಶಾಖ ಉಗುಳಿ ಗಾಳಿಗಿಂತ ತಣ್ಣಗಾಗುತ್ತೆ. ಒಳಗೆ ಮಲಗಿದವರ ಉಸಿರಿನ ತೇವ ಆ ತಗಡಿಗೆ ತಾಗಿ ಹನಿಯಾಗಿ ಅವರ ಮೇಲೇ ಬೀಳುತ್ತೆ. ಇಡೀ ಎರಡು ಎಕರೆಯಲ್ಲಿ ಹೊದಿಕೆ ಬೇಕಿದ್ದ ಜಾಗ ಅಂತ ಒಂದಿದ್ದರೆ ಅದು ಆ ತಗಡಿನ ಸೂರು. ಅದರ ಮೇಲೆ ಒಂದು ಹಾಸು ತೆಂಗಿನ ಗರಿ, ಕೆಳಗೊಂದು ಚಾಪೆಯ ಅಟ್ಟ ಸಾಕಿತ್ತು. ಗರಿಗೇನು ಬರವೇ ಅರಸೀಕೆರೆ ಸೀಮೆಯಲ್ಲಿ? ಗಿಡಕ್ಕೆ ಎಷ್ಟು ಗ್ರಾಂ ಬಟ್ಟೆ ಬೇಕು ಅಂತ ವಾರಗಟ್ಟಲೆ ಚರ್ಚೆ ಮಾಡಿದ ಗುಂಪಿನಲ್ಲಿ ವಾಚ್‌ಮನ್ ಮನೆಗೆ ಯಾವ ಸೂರು ಅಂತ ಒಂದೇ ಒಂದು ಮೆಸೇಜ್ ನಾನು ಇವತ್ತಿನವರೆಗೂ ನೋಡಿಲ್ಲ.

‘ಸಂಬಳ ಕೊಡ್ತೀವಲ್ಲ’ ಅಂತೀರಿ. ಕೊಡಿ, ಕೊಡಲೇಬೇಕು. ನಾನು ಕೇಳ್ತಿರೋದು ಅದಲ್ಲ. ಚಳಿ ಯಾರಿಗೆ ಆಗ್ತಿದೆ ಅಂತ ಗುರುತಿಸೋ ಕಣ್ಣು ನಮಗೆ ಯಾಕೆ ಹೋಯ್ತು ಅಂತ ಕೇಳ್ತಿದ್ದೀನಿ. ನಮ್ಮಲ್ಲಿ ಎಷ್ಟೋ ಜನ ಇಂಥದ್ದೇ ಊರಿಂದ ಬಂದವರು, ಕಂಬಳಿ ಗೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗೋ ಅಪ್ಪನ್ನ ನೋಡಿ ಬೆಳೆದವರು. ಬಿಇ ಮುಗಿಸಿ ಬಸ್ ಹತ್ತಿದ ಹತ್ತು ವರ್ಷಕ್ಕೆ ಚಳಿ ಅಂದ್ರೆ ಗಿಡಕ್ಕೆ ಆಗೋದು ಅಂತಾಗಿಬಿಟ್ಟಿತಾ?

‘ನನ್ನ ಜಾಗ, ನನ್ನ ದುಡ್ಡು, ನನ್ನ ಗಿಡ’ ಅನ್ನೋದು ಎರಡನೇ ವಾದ. ಜಾಗ ನಿಮ್ಮದು, ಒಪ್ಪಿದೆ. ಬೋರ್‌ವೆಲ್ಲಿನ ನೀರು ನಿಮ್ಮ ಬೇಲಿ ನೋಡಿ ನಿಲ್ಲಲ್ಲ. ಅರಸೀಕೆರೆಗೆ ವರ್ಷಕ್ಕೆ ಬೀಳೋ ಮಳೆ ಸುಮಾರು 700 ಮಿಲಿಮೀಟರ್. ರಂಬುಟಾನ್, ಮ್ಯಾಂಗೋಸ್ಟೀನ್ ಹುಟ್ಟಿದ ನಾಡಲ್ಲಿ ಅದರ ಮೂರು ಪಟ್ಟು ಸಾಮಾನ್ಯ, ಜೊತೆಗೆ ವರ್ಷವಿಡೀ ಗಾಳಿಯಲ್ಲಿ ತೇವ. ಆ ವ್ಯತ್ಯಾಸವನ್ನ ತುಂಬೋದು ನಿಮ್ಮ ಮೋಟಾರು. 2015ರಿಂದ ಸಾಲಾಗಿ ಬಂದ ಬರದಲ್ಲಿ ಈ ಸೀಮೆಯ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದನ್ನ ಇಲ್ಲಿನವರು ಮರೆತಿಲ್ಲ. ಐವತ್ತು ವರ್ಷ ಕಾಯಿ ಕೊಟ್ಟ ಮರ ಕಣ್ಣ ಮುಂದೆ ಬೋಳಾಗೋದು ಮನೆಯಲ್ಲಿ ಹಿರಿಯರು ಹೋದ ಹಾಗೆ. 2023ರಲ್ಲಿ ಮತ್ತೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಬೇಲಿಯ ಆಚೆ ತೆಂಗು ಒಣಗುವಾಗ ಬೇಲಿಯ ಒಳಗೆ ಮಲಯಾ ಕಾಡನ್ನ ಮಿಸ್ಟ್ ಸ್ಪ್ರೇ ಹೊಡೆದು ಸಾಕೋದು ಹವ್ಯಾಸ ಅಲ್ಲ, ಅದು ಪಕ್ಕದವನ ತಟ್ಟೆಗೆ ಕೈ ಹಾಕೋದು.

ಮೂರನೇ ವಾದ ಕೊಂಚ ಗಟ್ಟಿ ಇದೆ: ‘ಪ್ರಯೋಗ ಮಾಡದಿದ್ರೆ ಹೊಸದು ಬರೋದು ಹೇಗೆ? ಕಾಫಿಯೂ ಒಂದು ಕಾಲಕ್ಕೆ ಪ್ರಯೋಗವೇ ಅಲ್ವಾ?’ ಹೌದು. ಪ್ರಯೋಗ ಮಾಡಿ. ಆದರೆ ಪ್ರಯೋಗ ಅಂದ್ರೆ ನಾಲ್ಕು ಗಿಡ, ನಾಲ್ಕು ಜಾಗ, ಒಂದು ನೋಟ್‌ಬುಕ್ಕು. ರಾತ್ರಿಯ ಕನಿಷ್ಠ ತಾಪಮಾನ ತೋರಿಸೋ ಥರ್ಮಾಮೀಟರ್ ಎಲೆಯ ಮಟ್ಟದಲ್ಲಿ ಒಂದು ತೂಗುಹಾಕಿ, ಯಾಕಂದ್ರೆ ಮೊಬೈಲ್ ಆ್ಯಪ್ ಹೇಳೋದು ನಿಮ್ಮ ಹಳ್ಳದ ಚಳಿ ಅಲ್ಲ. ಎರಡು ವರ್ಷ ನೋಡಿ, ಆಮೇಲೆ ನಲವತ್ತು ನೆಡಿ. ಮೊದಲ ವರ್ಷವೇ ನಾನೂರು ನೆಟ್ಟು, ಸತ್ತಿದ್ದಕ್ಕೆ ಹವಾಮಾನವನ್ನ ಬೈಯೋದು ಪ್ರಯೋಗ ಅಲ್ಲ, ಶಾಪಿಂಗ್.

ಹಾಗಾದ್ರೆ ಏನು ಮಾಡೋದು? ದೊಡ್ಡ ಗುಟ್ಟೇನಿಲ್ಲ. ಈಗಾಗಲೇ ಇರೋ ಸೂಕ್ಷ್ಮ ಗಿಡಗಳನ್ನ ದೊಡ್ಡ ಮರದಡಿಗೆ, ಇಲ್ಲವೇ ಪಶ್ಚಿಮದ ಬಿಸಿಲು ಕುಡಿದ ಗೋಡೆಯ ಮಗ್ಗುಲಿಗೆ ಸೇರಿಸಿ; ಕುಂಡ ಆದರೆ ಇನ್ನೂ ಸುಲಭ. ಹಳ್ಳದಲ್ಲಿ, ತಗ್ಗಲ್ಲಿ ನೆಡಬೇಡಿ. ನವೆಂಬರ್ ನಂತರ ಕತ್ತರಿ ಆಡಿಸಬೇಡಿ, ಯೂರಿಯಾ ಹಾಕಬೇಡಿ. ಎಳೆ ಚಿಗುರಿಗೇ ಚಳಿ ಮೊದಲು ತಾಗೋದು. ಡಿಸೆಂಬರ್-ಜನವರಿಯಲ್ಲಿ ನೀರು ಕಡಿಮೆ ಮಾಡಿ, ಹಾಕೋದಾದರೆ ಬೆಳಗ್ಗೆ ಬಿಸಿಲೇರಿದ ಮೇಲೆ, ಬುಡಕ್ಕೆ, ಎಲೆಗಲ್ಲ. ದೇವಕಣಗಿಲೆ ಎಲೆ ಉದುರಿಸಿ ಬೋಳಾಗಿ ನಿಂತರೆ ಗಾಬರಿ ಬೀಳಬೇಡಿ, ಅದು ನಿದ್ದೆ ಮಾಡ್ತಿದೆ; ನೀರು ಸುರಿದು ಎಬ್ಬಿಸಿದರೆ ಕೊಳೆಯುತ್ತೆ. ಹೊಸದಾಗಿ ಕೊಳ್ಳೋದಾದರೆ ಚಳಿಯನ್ನೂ ಬರವನ್ನೂ ತಡೆಯೋ ಗಿಡ ನೋಡಿ. ಬೋಗನ್‌ವಿಲ್ಲಾ ಕೂಡ ಬ್ರೆಜಿಲ್ ಕಡೆಯದೇ, ಎಕ್ಸಾಟಿಕ್ಕೇ. ನೀರು ಕಡಿಮೆ ಆದಷ್ಟೂ ಹೂ ಜಾಸ್ತಿ. ಬೆಣ್ಣೆಹಣ್ಣು ಬೇಕೇ ಬೇಕು ಅಂದ್ರೆ ಕಾಫಿ ಸೀಮೆಯ ತಂಪು ಮಗ್ಗುಲಲ್ಲಿ ಬೆಳೆಸಿ, ಬಾಣಾವರದ ಬಯಲಲ್ಲಿ ಬೇಡ. ತರಿಸಿಟ್ಟ ಬಿಳಿ ಬಟ್ಟೆ ಹಾಳಾಗಬಾರದು ಅಂದ್ರೆ ಮಾರ್ಚ್‌ನಲ್ಲಿ ಎಳೆ ಸಸಿಗಳಿಗೆ ಚಪ್ಪರದ ಹಾಗೆ ಎತ್ತರಕ್ಕೆ ಕಟ್ಟಿ, ಮಧ್ಯಾಹ್ನದ ಬಿಸಿಲು ಒಂದಿಷ್ಟಾದರೂ ತಡೆಯುತ್ತೆ.

ಇದಿಷ್ಟಕ್ಕೂ ಮೊದಲು, ಶೆಡ್ಡಿನ ಸೂರು. ಅದು ಈ ವಾರ ಆಗಬೇಕಾದ ಕೆಲಸ.

ಚಳಿ ಹೆಚ್ಚು ದಿನ ಇರಲ್ಲ. ಶಿವರಾತ್ರಿಗೆ ಶಿವಶಿವಾ ಅಂತ ಓಡಿಹೋಗುತ್ತೆ ಅಂತ ನಮ್ಮ ಕಡೆ ಮಾತಿದೆ. ಆಮೇಲೆ ಶುರುವಾಗೋದು ಮೂರು ತಿಂಗಳ ನಿಜವಾದ ಪರೀಕ್ಷೆ: ಕೆಂಡದಂಥ ನೆಲ, ಒಣಗಾಳಿ, ಗಂಟಲು ಕಟ್ಟಿದ ಬೋರ್‌ವೆಲ್. ಅದಕ್ಕೆ ಯಾವ ಆ್ಯಪಿನಲ್ಲೂ ಕವರ್ ಸಿಗಲ್ಲ. ಈ ಜನವರಿಯಲ್ಲಿ ಬದುವಿಗೆ ನಾಲ್ಕು ಹೊಂಗೆ ಗುಂಡಿ ತೋಡಿಸಿ ಬಿಡಿ, ಮೊದಲ ಮಳೆಗೆ ಸಸಿ ಇಳಿಸಿ. ಐದಾರು ವರ್ಷಕ್ಕೆ ಹೊದಿಕೆಯೂ ಅದೇ, ಕೊಡೆಯೂ ಅದೇ. ಫೋಟೋ ಆಗ ಕಳಿಸಿ.